ದೊಡ್ಡಸ್ವಾಮಿ ಅಬ್ಬೆ ದ್ಯುಬುವಾ ಅವರ ಜೀವನ ಚರಿತ್ರೆ

ಪ್ರತಿವರ್ಷ ಸೆಪ್ಟೆಂಬರ್ 8ರ ಮೇರಿಯಮ್ಮನವರ ಹಬ್ಬಕ್ಕೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯಿಂದ ಸಾವಿರಾರು ಭಕ್ತಾದಿಗಳು ಬೆಂಗಳೂರಿನ ಶಿವಾಜಿನಗರಕ್ಕೆ ಹೋಗುತ್ತಾರೆ. ಕಾವಿ ಬಟ್ಟೆ ಉಟ್ಟು ವ್ರತ ಹಿಡಿದವರು, ಹರಕೆ ಹೊತ್ತವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸುವವರು, ಎಲ್ಲರೂ ಅಲ್ಲಿರುತ್ತಾರೆ. ಈಗ ಕಾಣುವ ಎತ್ತರದ ಗೋಪುರದ ಬಸಿಲಿಕ ಕಟ್ಟಿ ಮುಗಿಸಿದ್ದು 1882ರಲ್ಲಿ. ಅದಕ್ಕೂ ಮೊದಲು ಅದೇ ಜಾಗದಲ್ಲಿ ಒಂದು ಸಣ್ಣ ಗುಡಿ ಇತ್ತು, ಕಾಣಿಕೆ ಮಾತೆಯ ಗುಡಿ ಅಂತ ಅದಕ್ಕೆ ಹೆಸರು. 1818ರಲ್ಲಿ ಅದನ್ನು ಕಟ್ಟಿಸಿದವರು ಬಿಳಿ ನಿಲುವಂಗಿ, ತಲೆಗೆ ಪೇಟ, ಕೈಯಲ್ಲೊಂದು ಕೋಲು ಹಿಡಿದು ಮೈಸೂರು ಸೀಮೆಯನ್ನೆಲ್ಲ ಸುತ್ತುತ್ತಿದ್ದ ಫ್ರೆಂಚ್ ಗುರು. ಹೆಸರು ಜಾನ್ ಆಂತ್ವಾನ್ ದ್ಯುಬುವಾ. ಪುಸ್ತಕಗಳಲ್ಲಿ ಅಬ್ಬೆ ದುಬಾಯ್ ಅಂತಲೂ ಬರೆದಿರುತ್ತಾರೆ. ಅಬ್ಬೆ ಎಂದರೆ ಫ್ರೆಂಚರಲ್ಲಿ ಗುರುಗಳನ್ನು ಕರೆಯುವ ಗೌರವದ ಮಾತು. ನಮ್ಮ ಜನ ಮಾತ್ರ ಅವರನ್ನು ಕರೆದದ್ದು ದೊಡ್ಡಸ್ವಾಮಿ ಎಂದು.

ಅವರು ಸಂತ ಪದವಿಗೆ ಏರಿದವರಲ್ಲ. ಅವರ ಹೆಸರಿನಲ್ಲಿ ಪವಾಡಗಳನ್ನು ಯಾರೂ ಹೇಳುವುದಿಲ್ಲ. ಅವರ ಬದುಕಿನಲ್ಲಿ ಒಂದೆರಡು ವಿಷಯ ಇವತ್ತಿಗೂ ಚರ್ಚೆಯಲ್ಲೇ ಇವೆ, ಅವನ್ನೂ ಇಲ್ಲಿ ಮುಚ್ಚಿಟ್ಟಿಲ್ಲ. ಆದರೂ ತನ್ನ ಊಟ, ತನ್ನ ಉಡುಪು, ತನ್ನ ಕ್ಷೇಮ ಎನ್ನುವುದನ್ನು ಹಿಂದಕ್ಕಿಟ್ಟು ಮೂವತ್ತೊಂದು ವರ್ಷ ಇನ್ನೊಬ್ಬರ ಊರಲ್ಲಿ ಇನ್ನೊಬ್ಬರ ಜೊತೆ ಬದುಕಿದ ಮನುಷ್ಯನ ಕಥೆ ಇದು.

ನಮ್ಮ ಸೀಮೆಯ ಹಳೆಯ ಗುಡಿಗಳು

ದ್ಯುಬುವಾ ಬರುವುದಕ್ಕೆ ನೂರೈವತ್ತು ವರ್ಷ ಮೊದಲೇ ಮೈಸೂರು ಸೀಮೆಗೆ ಯೇಸುಸಭೆಯ ಗುರುಗಳು ಬಂದಿದ್ದರು. ಶ್ರೀರಂಗಪಟ್ಟಣದ ಕಡೆ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು 1600ರ ದಶಕದ ಮಧ್ಯದಲ್ಲಿ ಕನ್ನಡ ಕಲಿತು ಉಪದೇಶ ಮಾಡಿದರು. ಪೂರ್ವದ ಕಡೆಗೆ, ಅಂದರೆ ನಮ್ಮ ಬಯಲುಸೀಮೆಯ ಕಡೆಗೆ, ವೆಲ್ಲೂರಿನ ದಿಕ್ಕಿನಿಂದ 1702ರಲ್ಲಿ ಬುಷೆ ಮತ್ತು ಮೊದ್ವಿ ಎಂಬ ಇಬ್ಬರು ಫ್ರೆಂಚ್ ಗುರುಗಳು ಬಂದರು. ಬೆಂಗಳೂರು, ದೇವನಹಳ್ಳಿ, ಚಿಕ್ಕಬಳ್ಳಾಪುರ, ಹೊಸಕೋಟೆ, ಕೋಲಾರ, ಈ ಊರುಗಳಲ್ಲೆಲ್ಲ ಈ ಮಿಷನ್ನಿನವರು ಗುಡಿಗಳನ್ನು ಕಟ್ಟಿದರು. ಬೆಂಗಳೂರು ಗ್ರಾಮಾಂತರದ ಕ್ರೈಸ್ತ ಸಮುದಾಯದ ಬೇರು ಅಷ್ಟು ಹಿಂದಕ್ಕೆ ಹೋಗುತ್ತದೆ ಅನ್ನುವುದು ಈ ಊರುಗಳವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಆಮೇಲೆ ಕಷ್ಟದ ಕಾಲ ಬಂತು. 1773ರಲ್ಲಿ ಪೋಪ್ ಜಗದ್ಗುರುಗಳು ಯೇಸುಸಭೆಯನ್ನೇ ರದ್ದು ಮಾಡಿದರು. ಇದ್ದ ಗುರುಗಳು ಮುಪ್ಪಾದರು, ಹೊಸಬರು ಬರಲಿಲ್ಲ. 1776ರಲ್ಲಿ ಪಾಂಡಿಚೇರಿಯ ಮಿಷನ್ನನ್ನು ಪ್ಯಾರಿಸ್ಸಿನ ವಿದೇಶಿ ಪ್ರೇಷಿತ ಸಭೆಗೆ ವಹಿಸಿಕೊಟ್ಟರು, ಆದರೆ ಅವರಲ್ಲೂ ಗುರುಗಳು ಬೆರಳೆಣಿಕೆಯಷ್ಟೇ. ಸಾಲದ್ದಕ್ಕೆ ಮೈಸೂರು ರಾಜ್ಯಕ್ಕೂ ಆಂಗ್ಲರಿಗೂ ಒಂದರ ಮೇಲೊಂದು ಯುದ್ಧ. 1791ರಲ್ಲಿ ಕಾರ್ನ್‌ವಾಲಿಸನ ದಂಡು ದೇವನಹಳ್ಳಿ ಕೋಟೆಯನ್ನೂ ಹಿಡಿಯಿತು. ಗುರುಗಳಿಲ್ಲದೆ, ಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಕುಟುಂಬಗಳು ಚದುರಿಹೋದವು. ಮನೆಯಲ್ಲಿ ಜಪ ಹೇಳಿಸುವ ಅಜ್ಜಿ ಇದ್ದ ಕಡೆ ವಿಶ್ವಾಸ ಉಳಿಯಿತು, ಇಲ್ಲದ ಕಡೆ ಅದೂ ಹೋಯಿತು. ದ್ಯುಬುವಾ ಸ್ವಾಮಿಗಳ ಕೈಗೆ ಬಂದದ್ದು ಇಂಥ ಒಡೆದ ಮಡಕೆ.

ಹುಟ್ಟು, ಗುರುದೀಕ್ಷೆ, ಹಡಗು

ಅವರು ಹುಟ್ಟಿದ್ದು 1766ರ ಜನವರಿಯಲ್ಲಿ, ಫ್ರಾನ್ಸಿನ ದಕ್ಷಿಣ ಭಾಗದ ಆರ್ದೆಷ್ ಎಂಬ ಕಲ್ಲುಗುಡ್ಡದ ಸೀಮೆಯ ಸಾಂ ರಮೇಝ್ ಗ್ರಾಮದಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದರು. ಅದು ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹತ್ತಿದ ಕಾಲ. ಗುರುಗಳು ಹೊಸ ಸರ್ಕಾರದ ಕಾನೂನಿಗೆ ಪ್ರಮಾಣ ಮಾಡಬೇಕಿತ್ತು, ಇಲ್ಲಾಂದ್ರೆ ಸೆರೆಮನೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಬಂದೀಖಾನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳನ್ನು ಕೊಂದರು. ದ್ಯುಬುವಾ ಅದಕ್ಕೆ ಮೂರು ತಿಂಗಳ ಮುಂಚೆ, ಜೂನ್ 19ರಂದು, ಪಾಂಡಿಚೇರಿಗೆ ಹೊರಟಿದ್ದರು. ವಯಸ್ಸು ಇಪ್ಪತ್ತಾರು.

ಜೀವ ಉಳಿಸಿಕೊಳ್ಳಲು ಓಡಿ ಬಂದರು ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಇರಬಹುದು. ಇಪ್ಪತ್ತಾರರ ಹುಡುಗನಿಗೆ ಜೀವದ ಆಸೆ ಇರುವುದು ತಪ್ಪಲ್ಲ. ಮುಂದೆ ಹತ್ತೇ ವರ್ಷದಲ್ಲಿ ಸಿಡುಬು ಎದ್ದ ಸೀಮೆಯಲ್ಲಿ ಹಳ್ಳಿ ಹಳ್ಳಿ ಸುತ್ತಿದವರೂ ಇವರೇ.

ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿ ಕಳೆದವು. ಅಲ್ಲೇ ಅವರು ಒಂದು ತೀರ್ಮಾನ ಮಾಡಿಕೊಂಡರು. ಜನರ ಮಧ್ಯೆ ಇರಬೇಕಾದರೆ ಜನರ ಹಾಗೇ ಇರಬೇಕು. ಕೋಟು ಬೂಟು ಕಳಚಿದರು, ನಿಲುವಂಗಿ ಪೇಟ ತೊಟ್ಟರು, ಗಡ್ಡ ಬಿಟ್ಟರು. ನೆಲದ ಮೇಲೆ ಕೂತು ಈ ನಾಡಿನ ಊಟ ಮಾಡಿದರು. ಜನರಿಗೆ ಇರುಸುಮುರುಸು ಆಗುವ ಆಹಾರ ಬಿಟ್ಟರು. ಹೇಳುವುದು ಸುಲಭ. ಹುಟ್ಟೂರಿನ ರುಚಿ ನಾಲಿಗೆಯಿಂದ ಇಳಿಯುವುದು ಎಷ್ಟು ಕಷ್ಟ ಅಂತ ದುಬೈಗೋ ದೆಹಲಿಗೋ ಕೆಲಸಕ್ಕೆ ಹೋದ ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ, ಅವರು ಉಪ್ಪಿನಕಾಯಿ ಡಬ್ಬಿ ಕಟ್ಟಿಕೊಂಡು ಹೋಗುತ್ತಾರೆ. ದ್ಯುಬುವಾ ಸ್ವಾಮಿಗಳು ಮೂರು ದಶಕ ಆ ಆಸೆಯನ್ನು ಬದಿಗಿಟ್ಟರು. ಒಂದು ಸಲವೂ ಊರಿಗೆ ಹೋಗಿ ಬರಲಿಲ್ಲ.

ಆಸೆಯನ್ನು ಗೆಲ್ಲುವುದು ಎಂದರೆ ಕಾಡಿಗೆ ಹೋಗಿ ಮೈ ದಂಡಿಸುವುದು ಎಂಬ ತಿಳುವಳಿಕೆ ನಮ್ಮಲ್ಲಿ ಸಾಮಾನ್ಯ. ತಪಸ್ಸು ಕಾಲದ ಉಪವಾಸಕ್ಕೂ ಕೆಲವರು ಅಷ್ಟೇ ಅರ್ಥ ಕೊಡುತ್ತಾರೆ. ಸ್ವಾಮಿಗಳದು ಬೇರೆ ದಾರಿ. ಅವರು ಬಿಟ್ಟದ್ದೆಲ್ಲ ಯಾರದೋ ಸಲುವಾಗಿ ಬಿಟ್ಟದ್ದು. ಪಕ್ಕದಲ್ಲಿ ಕೂತವನು ಮುಜುಗರವಿಲ್ಲದೆ ಉಣ್ಣಲಿ ಎಂದು ಒಂದು ತುತ್ತು ಬಿಡುವುದು, ಅವನ ಭಾಷೆಯಲ್ಲಿ ಮಾತಾಡಲೆಂದು ತನ್ನ ಭಾಷೆ ಬಿಡುವುದು. ಶಿಲುಬೆಯ ದಾರಿಯಲ್ಲಿ ಯೇಸುಸ್ವಾಮಿ ಹೊತ್ತದ್ದೂ ಇನ್ನೊಬ್ಬರ ಹೊರೆಯನ್ನೇ ತಾನೇ.

ಶ್ರೀರಂಗಪಟ್ಟಣದ ನಂತರ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನರು ಮಡಿದರು. ಅಲ್ಲಿನ ಆಡಳಿತ ನೋಡುತ್ತಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಒಬ್ಬ ಕಥೋಲಿಕ ಗುರು ಬೇಕಾಗಿತ್ತು. ಮಂಗಳೂರಿನ ಕಡೆಯ ಕ್ರೈಸ್ತರನ್ನು 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಗಿತ್ತು, ಹದಿನೈದು ವರ್ಷದ ಆ ಸೆರೆಯಲ್ಲಿ ಸತ್ತವರೆಷ್ಟೋ, ಮತ ಬಿಡಬೇಕಾಗಿ ಬಂದವರೆಷ್ಟೋ. ಉಳಿದವರಲ್ಲಿ ತುಂಬಾ ಜನ ಕರಾವಳಿಗೆ ಹಿಂದಿರುಗಿದರು. ಮೈಸೂರು ಸೀಮೆಯಲ್ಲೇ ಉಳಿದವರನ್ನೂ ಇಲ್ಲಿನ ಹಳೆಯ ಕ್ರೈಸ್ತರನ್ನೂ ಒಟ್ಟುಗೂಡಿಸುವ ಕೆಲಸಕ್ಕೆ ಬಂದವರು ದ್ಯುಬುವಾ.

ಇದು ಲೆಕ್ಕದ ಕೆಲಸವಲ್ಲ, ಮನಸ್ಸಿನ ಕೆಲಸ. ಕಷ್ಟದಲ್ಲಿ ಗಟ್ಟಿಯಾಗಿ ನಿಂತವನಿಗೆ, ಬಗ್ಗಿದವನನ್ನು ಮತ್ತೆ ತನ್ನ ಸಾಲಿನಲ್ಲಿ ಕೂರಿಸಿಕೊಳ್ಳುವುದು ಸುಲಭವಲ್ಲ. ನಾನು ಅನುಭವಿಸಿದೆ, ಇವನು ತಪ್ಪಿಸಿಕೊಂಡ ಎನ್ನುವ ಲೆಕ್ಕಾಚಾರ ಒಳ್ಳೆಯವರಲ್ಲೂ ಇರುತ್ತದೆ, ಒಳ್ಳೆಯವರಲ್ಲೇ ಸ್ವಲ್ಪ ಜಾಸ್ತಿ. ಬಲವಂತದಿಂದ ಮತ ಬಿಟ್ಟಿದ್ದವರನ್ನು ಸ್ವಾಮಿಗಳು ಮತ್ತೆ ಧರ್ಮಸಭೆಗೆ ಸೇರಿಸಿಕೊಂಡರು. ಧರ್ಮಸಭೆಯಲ್ಲಿ ಹಿಂದಿರುಗಿದವನಿಗೆ ಹಿಂದಿನ ಬೆಂಚು ಅಂತ ಬೇರೆ ಇಲ್ಲ.

ಆದರೆ ಜಪ ಕಲಿಸಿದರೆ ಹೊಟ್ಟೆ ತುಂಬುವುದಿಲ್ಲವಲ್ಲ. ಯುದ್ಧದಲ್ಲಿ ಹೊಲಮನೆ ಕಳೆದುಕೊಂಡವರು, ಊರು ಬಿಟ್ಟು ಬಂದವರು ಎಷ್ಟೋ ಜನ. ಹಾಸನದ ಹತ್ತಿರ ಸಾತಹಳ್ಳಿ ಎಂಬ ಕಡೆ, ಜನರ ಬಾಯಲ್ಲಿ ಸಾತಳ್ಳಿ, ಸ್ವಾಮಿಗಳು ಕ್ರೈಸ್ತ ರೈತರ ನೆಲೆಯೊಂದನ್ನು ಬೆಳೆಸಿದರು. ಬೇಸಾಯ ಮಾಡಿಕೊಂಡು ಒಟ್ಟಿಗೆ ಬಾಳುವ ಒಕ್ಕಲುಗಳನ್ನು ಕಟ್ಟಿದರು. ಮೈಸೂರಿನ ಹಳೆಯ ಗ್ಯಾಸೆಟಿಯರಿನಲ್ಲೂ ಸಾತಹಳ್ಳಿ ಇವರ ಹೆಸರಿನ ಜೊತೆಗೇ ಬರುತ್ತದೆ.

ಅಕ್ಕಿ ದಾನ ಮಾಡುವ ಬದಲು ಬೇಸಾಯ ಯಾಕೆ ಎಂದರೆ ಅದಕ್ಕೆ ಕಾರಣ ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಬೇಡಿ ತಿನ್ನುವ ಸಾಲಿನಲ್ಲಿ ಮುಂದಿನವನು ವೈರಿ, ಅವನಿಗೆ ಸಿಕ್ಕಷ್ಟು ನನಗೆ ಕಡಿಮೆ. ಹೊಲದಲ್ಲಿ ಹಾಗಲ್ಲ. ನಾಟಿಗೆ, ಕಳೆಗೆ, ಕೊಯ್ಲಿಗೆ ಒಬ್ಬನ ಮನೆಯ ಕೈ ಸಾಲುವುದಿಲ್ಲ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಇದನ್ನೇ ಮುಯ್ಯಾಳು ಅನ್ನುವುದು. ಮುಯ್ಯಾಳಿಗೆ ಹೋಗದವನ ಪೈರು ಗದ್ದೆಯಲ್ಲೇ ಉದುರುತ್ತದೆ. ಕೆರೆಯ ಹೂಳು ಎತ್ತುವುದೂ ಹಾಗೇ, ತೂಬಿನ ನೀರಿನ ಸರದಿಯೂ ಹಾಗೇ. ತನ್ನ ಸರದಿ ಮುಗಿದ ಮೇಲೂ ರಾತ್ರಿ ಕದ್ದು ನೀರು ತಿರುಗಿಸಿಕೊಳ್ಳುವವನು ಎಲ್ಲ ಊರಲ್ಲೂ ಒಬ್ಬ ಇದ್ದೇ ಇರುತ್ತಾನೆ. ಉಪದೇಶದಿಂದ ತಿದ್ದದ ಎಷ್ಟೋ ಸ್ವಾರ್ಥವನ್ನು ಒಟ್ಟಿಗೆ ಮಾಡುವ ದುಡಿಮೆ ತಿದ್ದುತ್ತದೆ.

ಹಾಗಂತ ಎಲ್ಲ ಭೇದವೂ ಅಳಿದುಹೋಯಿತು ಅನ್ನುವ ಹಾಗಿಲ್ಲ. ಆ ಕಾಲದ ಕ್ರೈಸ್ತರು ತಮ್ಮ ತಮ್ಮ ಜಾತಿಯ ಕಟ್ಟುಪಾಡು ಬಿಟ್ಟಿರಲಿಲ್ಲ. ಸ್ವಾಮಿಗಳೂ ಅದನ್ನು ಮುರಿಯಲು ಕೈ ಹಾಕಲಿಲ್ಲ. ಜಾತಿಯೇ ಈ ಸಮಾಜವನ್ನು ಹಿಡಿದಿಟ್ಟಿದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಇವತ್ತಿನ ಕಣ್ಣಿಗೆ ಇದು ಅವರ ದೊಡ್ಡ ಕೊರತೆ.

ತೋಳಿನಿಂದ ತೋಳಿಗೆ

ಅವರ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ನೆನೆಯಬೇಕಾದ ಕೆಲಸ ಸಿಡುಬಿನದು.

ಈಗಿನ ಮಕ್ಕಳಿಗೆ ಸಿಡುಬು ಅಂದರೆ ಏನೆಂದು ಗೊತ್ತಿಲ್ಲ, ದೇವರ ದಯೆ. ಅಜ್ಜ ಅಜ್ಜಿಯರ ಮುಖದ ಮೇಲೆ ಕಲೆ ನೋಡಿದವರಿಗೆ ಗೊತ್ತು. ಅಮ್ಮ ಬಂದಿದೆ ಎನ್ನುತ್ತಿದ್ದರು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಹಿಡಿದ ಹತ್ತು ಜನರಲ್ಲಿ ಎರಡು ಮೂರು ಜನ ಸಾಯುತ್ತಿದ್ದರು, ಉಳಿದವರಲ್ಲಿ ಕೆಲವರಿಗೆ ಕಣ್ಣು ಹೋಗುತ್ತಿತ್ತು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು 1796ರಲ್ಲಿ, ಹಸುವಿನ ಕೆಚ್ಚಲಿಗೆ ಬರುವ ಸಣ್ಣ ಸಿಡುಬಿನ ಕೀವನ್ನು ಮನುಷ್ಯನ ತೋಳಿಗೆ ತಾಗಿಸಿದರೆ ದೊಡ್ಡ ಸಿಡುಬು ಹತ್ತಿರ ಬರುವುದಿಲ್ಲ ಎಂದು ತೋರಿಸಿದರು. ಆ ಲಸಿಕೆ ಭಾರತಕ್ಕೆ ಬಂದದ್ದು 1802ರ ಜೂನ್‌ನಲ್ಲಿ, ಬೊಂಬಾಯಿಗೆ.

ಬಂದ ರೀತಿ ಕೇಳಿ. ಆಗ ಫ್ರಿಜ್ಜಿಲ್ಲ, ಐಸ್ ಡಬ್ಬಿಯಿಲ್ಲ. ಬಿಸಿಲಿಗೆ ಒಣಗಿದ ಕೀವು ಸತ್ತುಹೋಗುತ್ತಿತ್ತು. ಇದ್ದ ದಾರಿ ಒಂದೇ. ಒಂದು ಮಗುವಿನ ತೋಳಿಗೆ ಲಸಿಕೆ ಹಾಕುವುದು, ಏಳೆಂಟು ದಿನಕ್ಕೆ ಅಲ್ಲಿ ಗುಳ್ಳೆ ತುಂಬಿಕೊಳ್ಳುತ್ತದೆ, ಆ ಗುಳ್ಳೆಯ ರಸ ತೆಗೆದು ಮುಂದಿನ ನಾಲ್ಕು ಮಕ್ಕಳ ತೋಳಿಗೆ ಹಾಕುವುದು. ಅವರಿಂದ ಇನ್ನಷ್ಟು ಮಕ್ಕಳಿಗೆ. ಹೀಗೆ ತೋಳಿನಿಂದ ತೋಳಿಗೆ ದಾಟಿಕೊಂಡೇ ಅದು ಒಂದು ಊರಿನಿಂದ ಇನ್ನೊಂದಕ್ಕೆ ನಡೆದು ಬರಬೇಕಾಗಿತ್ತು. ದೀಪದಿಂದ ದೀಪ ಹಚ್ಚಿದ ಹಾಗೆ, ನಡುವೆ ಒಂದು ಆರಿದರೆ ಮುಂದೆ ಕತ್ತಲೆ.

ಇಲ್ಲಿ ಸ್ವಾರ್ಥ ಎಲ್ಲಿ ಅಡಗಿ ಕೂರುತ್ತದೆ ಅನ್ನುವುದನ್ನು ನೋಡಬೇಕು. ತನ್ನ ಮಗುವಿಗೆ ಲಸಿಕೆ ಹಾಕಿಸಿಕೊಂಡ ತಾಯಿಗೆ ಅಲ್ಲಿಗೆ ಲಾಭ ಮುಗಿಯಿತು. ಎಂಟನೇ ದಿನ ಆ ನೋಯುವ ಗುಳ್ಳೆಯನ್ನು ಮತ್ತೆ ಚುಚ್ಚಲು ಬಿಟ್ಟರೆ ಅವಳ ಮಗುವಿಗೆ ಏನೂ ಸಿಗುವುದಿಲ್ಲ, ಅಳು ಮಾತ್ರ. ಸಿಗುವುದು ಯಾರದೋ ಮಗುವಿಗೆ, ಎಷ್ಟೋ ಸಲ ಬೇರೆ ಬೀದಿಯ, ಬೇರೆ ಜಾತಿಯ, ಬೇರೆ ದೇವರ ಮಗುವಿಗೆ. ಆಮೇಲೆ ಹೆದರಿಕೆ ಬೇರೆ. ಪರಂಗಿಯವರು ಹಸುವಿನ ಕೀವು ಹಾಕಿ ಜಾತಿ ಕೆಡಿಸುತ್ತಾರೆ, ಅಮ್ಮನಿಗೆ ಕೋಪ ಬರುತ್ತದೆ, ಹೀಗೆ ನೂರು ಮಾತು. ಇದಕ್ಕೆಲ್ಲ ಸರ್ಕಾರದ ಹುಕುಂ ನಾಟುವುದಿಲ್ಲ. ಹತ್ತು ವರ್ಷ ತಮ್ಮ ಜೊತೆ ಕೂತು ಉಂಡವನ ಮಾತು ನಾಟುತ್ತದೆ. ದೊಡ್ಡಸ್ವಾಮಿ ಎನ್ನುವ ಹೆಸರಿನ ಬೆಲೆ ಏನೆಂದು ತಿಳಿದದ್ದು ಆಗ.

1803 ಮತ್ತು 1804ರಲ್ಲಿ ದ್ಯುಬುವಾ ಸ್ವಾಮಿಗಳ ಉಸ್ತುವಾರಿಯಲ್ಲಿ ಮೈಸೂರು ಸೀಮೆಯಲ್ಲಿ ಲಸಿಕೆ ಹಾಕಿಸಿಕೊಂಡು ಪಟ್ಟಿಯಲ್ಲಿ ಹೆಸರು ಬರೆಸಿದವರ ಸಂಖ್ಯೆ 25,432. ಸೀಮೆಯಲ್ಲಿ ಕ್ರೈಸ್ತರು ಅತಿ ಸಣ್ಣ ಗುಂಪು, ಆದ್ದರಿಂದ ಈ ಪಟ್ಟಿಯಲ್ಲಿ ಹೆಚ್ಚಿನವರು ಬೇರೆ ಮತದವರೇ ಎನ್ನುವುದರಲ್ಲಿ ಅನುಮಾನವಿಲ್ಲ. ರೈಲಿಲ್ಲದ, ಸರಿಯಾದ ರಸ್ತೆಯಿಲ್ಲದ ಕಾಲದಲ್ಲಿ ಇಷ್ಟು ತೋಳುಗಳನ್ನು ಒಂದಕ್ಕೊಂದು ಜೋಡಿಸಿದ್ದು ಒಬ್ಬರ ಕೆಲಸವೂ ಅಲ್ಲ. ಗುಳ್ಳೆ ಮಾಗುವ ದಿನ ಲೆಕ್ಕವಿಟ್ಟವರು, ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಪಕ್ಕದ ಊರಿಗೆ ನಡೆದವರು, ಮನೆಮನೆಗೆ ಹೋಗಿ ಧೈರ್ಯ ಹೇಳಿದವರು, ಯಾರ ಹೆಸರೂ ಇತಿಹಾಸದಲ್ಲಿ ಬಂದಿಲ್ಲ.

ಮೈಸೂರು ಅರಮನೆಯೂ ಹಿಂದೆ ಬೀಳಲಿಲ್ಲ. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ 1805ರ ಹೊತ್ತಿಗೆ ಬರೆದ ಒಂದು ಚಿತ್ರದಲ್ಲಿ ಮೈಸೂರಿನ ಮೂವರು ರಾಣಿಯರಿದ್ದಾರೆ. ಅದರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಗುರುತನ್ನೇ, ಪ್ರಜೆಗಳಿಗೆ ಧೈರ್ಯ ಬರಲಿ ಅಂತ, ಎಂದು ಇತ್ತೀಚಿನ ಇತಿಹಾಸಕಾರರು ಹೇಳುತ್ತಾರೆ. ಅದೇ ಹಿಕ್ಕಿ ಮುಂದೆ ದ್ಯುಬುವಾ ಸ್ವಾಮಿಗಳ ಚಿತ್ರವನ್ನೂ ಬರೆದರು. ಬಿಳಿ ಪೇಟ, ಬಿಳಿ ನಿಲುವಂಗಿ, ಗಡ್ಡ, ಕೈಯಲ್ಲಿ ಕೋಲು. ಹೆಸರು ಹೇಳದಿದ್ದರೆ ಫ್ರಾನ್ಸಿನವರು ಎಂದು ಗುರುತು ಹಿಡಿಯುವುದು ಕಷ್ಟ.

ಪುಸ್ತಕದ ವಿಚಾರ

ದ್ಯುಬುವಾ ಹೆಸರು ಜಗತ್ತಿಗೆ ಗೊತ್ತಾದದ್ದು ಲಸಿಕೆಯಿಂದಲ್ಲ, ಸಾತಹಳ್ಳಿಯಿಂದಲೂ ಅಲ್ಲ, ಒಂದು ಪುಸ್ತಕದಿಂದ. ಹಿಂದೂ ಜನರ ಆಚಾರ ವಿಚಾರ, ಹಬ್ಬ ಹರಿದಿನ, ಮದುವೆ ಮಸಣಗಳ ಬಗ್ಗೆ ಅವರು ಫ್ರೆಂಚಿನಲ್ಲಿ ದೊಡ್ಡ ಹೊತ್ತಗೆಯೊಂದನ್ನು ಸಿದ್ಧಮಾಡಿದರು. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅದನ್ನು ಓದಿ ಮೆಚ್ಚಿ ಮದರಾಸಿಗೆ ಕಳಿಸಿದರು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ 2,000 ನಕ್ಷತ್ರ ವರಹ ಕೊಟ್ಟು ಅದನ್ನು ಕೊಂಡುಕೊಂಡಿತು, ಅಂದಿನ ಲೆಕ್ಕದಲ್ಲಿ ಸುಮಾರು 7,000 ರೂಪಾಯಿ. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು, 1825ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚಿನಲ್ಲಿ. ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಒಳ್ಳೆಯ ಮಾಹಿತಿಯ ಜೊತೆಗೆ, ಈ ನಾಡಿನ ಜನರಿಗೆ ಓದಿದರೆ ನೋವಾಗುವ ಕಟು ಮಾತುಗಳೂ ಇವೆ. ಜನರ ಜೊತೆ ಉಂಡರೂ ಅವರ ನಂಬಿಕೆಯ ಒಳಗಿನ ಬೆಳಕು ಸ್ವಾಮಿಗಳಿಗೆ ಎಷ್ಟೋ ಕಡೆ ಕಾಣಲಿಲ್ಲ.

ಇನ್ನೊಂದು ಸಂಗತಿ ಬೆಳಕಿಗೆ ಬಂದದ್ದು ತೀರಾ ಈಚೆಗೆ. ಫ್ರಾನ್ಸಿನ ಸಿಲ್ವಿಯಾ ಮ್ಯೂರ್ ಎಂಬ ವಿದ್ವಾಂಸೆ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ದ್ಯುಬುವಾ ಪುಸ್ತಕದ ಬಹುಭಾಗಕ್ಕೆ ಮೂಲ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಗಾಸ್ತೊಂ ಕರ್ದೂ ಅವರ ಹಸ್ತಪ್ರತಿ ಎಂದು ತೋರಿಸಿದರು. ಕರ್ದೂ ಸ್ವಾಮಿಗಳು ತೆಲುಗು ಸಂಸ್ಕೃತ ಬಲ್ಲವರು. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕ್ ಭಾಷೆಗಳಿಗೂ ನೆಂಟಸ್ತನವಿದೆ ಎಂದು 1767ರಲ್ಲೇ ಪ್ಯಾರಿಸ್ಸಿಗೆ ಬರೆದು ಕಳಿಸಿದವರು, ಆ ಪತ್ರ ಅಚ್ಚಾದದ್ದು 1808ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಇಪ್ಪತ್ತೊಂಬತ್ತು ವರ್ಷ ಆಗಿತ್ತು. ತಮ್ಮ ಸಭೆಯೇ ರದ್ದಾದ ಮೇಲೆ 1779ರಲ್ಲಿ ಪಾಂಡಿಚೇರಿಯಲ್ಲಿ ಕಣ್ಣು ಮುಚ್ಚಿದರು. ಅವರ ಬರಹ ದ್ಯುಬುವಾ ಹೆಸರಿನಲ್ಲಿ ಲೋಕ ಸುತ್ತಿತು. ಮೂಲ ಯಾರದು ಎಂದು ದ್ಯುಬುವಾ ಹೇಳಲಿಲ್ಲ.

ಇದನ್ನು ಹಗುರ ಮಾಡುವ ಹಾಗಿಲ್ಲ. ಹಿಂದಿನ ಗುರುಗಳ ಟಿಪ್ಪಣಿಯನ್ನು ಮುಂದಿನವರು ಬಳಸುವುದು, ತಿದ್ದುವುದು, ಸೇರಿಸುವುದು ಆ ಕಾಲದ ಮಿಷನ್ನುಗಳಲ್ಲಿ ನಡೆಯುತ್ತಿದ್ದ ವಿಷಯವೇ. ಮಠದ ಬಾವಿಯ ನೀರಿಗೆ ಯಾರ ಹೆಸರೂ ಇರುವುದಿಲ್ಲ. ಆದರೆ ಆ ನೀರನ್ನು ಮಾರಿದಾಗ, ಮೇಲೆ ಒಬ್ಬರದೇ ಹೆಸರು ಬರೆದಾಗ, ಪ್ರಶ್ನೆ ಬೇರೆಯಾಗುತ್ತದೆ. ನಾಲಿಗೆಯ ಆಸೆ ಬಿಟ್ಟವರಿಗೂ, ಹುಟ್ಟೂರಿನ ಆಸೆ ಬಿಟ್ಟವರಿಗೂ ಹೆಸರಿನ ಆಸೆ ಬಿಡುವುದು ಕಷ್ಟ. ಎಲ್ಲಕ್ಕಿಂತ ಕೊನೆಗೆ ಮೈಬಿಡುವ ದೆವ್ವ ಅದು ಎಂದು ಹಿರಿಯರು ಹೇಳುತ್ತಾರೆ.

ಸೋಲಿನ ಲೆಕ್ಕ

ಹಾಗಿದ್ದೂ ಅದೇ ಮನುಷ್ಯ ಹೆಸರಿನ ಆಸೆ ಇರುವವರು ಯಾರೂ ಮಾಡದ ಇನ್ನೊಂದು ಕೆಲಸ ಮಾಡಿದರು. ಮಿಷನರಿಗಳು ತಮ್ಮ ಊರಿಗೆ ಪತ್ರ ಬರೆಯುವಾಗ ಇಷ್ಟು ಸಾವಿರ ಜನಕ್ಕೆ ಜ್ಞಾನಸ್ನಾನ ಕೊಟ್ಟೆವು ಎಂದು ಬರೆಯುವುದು ವಾಡಿಕೆ. ಲೆಕ್ಕ ದೊಡ್ಡದಾದಷ್ಟೂ ಕಾಣಿಕೆ ಹೆಚ್ಚು, ಕೀರ್ತಿ ಹೆಚ್ಚು. ದ್ಯುಬುವಾ ಮಾತ್ರ ಭಾರತದ ಕ್ರೈಸ್ತರ ಸ್ಥಿತಿಯ ಬಗ್ಗೆ ಬರೆದ ಪತ್ರಗಳನ್ನು 1823ರಲ್ಲಿ ಲಂಡನ್ನಿನಲ್ಲಿ ಅಚ್ಚು ಮಾಡಿಸಿ, ಅದರಲ್ಲಿ ತಮ್ಮ ಸೋಲನ್ನೇ ಬರೆದುಕೊಂಡರು. ಇಪ್ಪತ್ತೈದು ವರ್ಷ ಮೈಮುರಿದು ದುಡಿದರೂ ತಾವು ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದವರು ಇನ್ನೂರರಿಂದ ಮುನ್ನೂರು ಜನ ಮಾತ್ರ, ಅವರಲ್ಲೂ ಹೆಚ್ಚಿನವರು ಬಡವರು ಮತ್ತು ದಿಕ್ಕಿಲ್ಲದವರು, ಕೆಲವರು ತಮ್ಮ ಯಾವುದೋ ಅನುಕೂಲಕ್ಕೆ ಬಂದವರು ಎಂದು ಒಪ್ಪಿಕೊಂಡರು. ಇಲ್ಲಿರುವ ಯುರೋಪಿಯನ್ನರ ನಡತೆಯೇ ಕ್ರೈಸ್ತ ಹೆಸರಿಗೆ ಕಳಂಕ ತಂದಿದೆ ಎಂದು ತಮ್ಮವರನ್ನೇ ದೂರಿದರು. ಈ ಕೆಲಸ ಇಲ್ಲಿ ಇನ್ನು ಮುಂದುವರಿಯದು ಎಂದೂ ಬರೆದರು.

ಲಂಡನ್ನಿನಲ್ಲಿ ಗಲಾಟೆಯೇ ಆಯಿತು. ಜೇಮ್ಸ್ ಹೌ ಎಂಬ ಪ್ರೊಟೆಸ್ಟೆಂಟ್ ಗುರುಗಳು 1824ರಲ್ಲಿ ಇಡೀ ಪುಸ್ತಕವೊಂದನ್ನೇ ಉತ್ತರವಾಗಿ ಬರೆದರು. ಅವರ ವಾದದಲ್ಲೂ ಹುರುಳಿಲ್ಲದೆ ಇಲ್ಲ, ದ್ಯುಬುವಾ ತಮ್ಮ ನಿರಾಶೆಯನ್ನು ಇಡೀ ದೇಶದ ಮೇಲೆ ಹೊರಿಸಿದರು ಅನ್ನಬಹುದು. ಆದರೆ ಬಡವರು, ದಿಕ್ಕಿಲ್ಲದವರು ಬಂದರು ಎಂದು ಅವರು ಸೋಲಿನ ಪಟ್ಟಿಯಲ್ಲಿ ಬರೆದದ್ದನ್ನು ಇವತ್ತಿನ ಭಕ್ತರು ಹಾಗೆ ಓದಲಾರರು. ಯೇಸುಸ್ವಾಮಿಯ ಸುತ್ತ ಸೇರಿದವರು ಯಾರು ಎಂದು ಸುವಾರ್ತೆ ಬಲ್ಲವರಿಗೆಲ್ಲ ಗೊತ್ತಿದೆ. ಇನ್ನೂರು ಎಂಬ ಆ ಲೆಕ್ಕದಲ್ಲಿ ಸಾತಹಳ್ಳಿಯ ಗದ್ದೆ ಬರುವುದಿಲ್ಲ, 25,432 ತೋಳುಗಳೂ ಬರುವುದಿಲ್ಲ.

ಕೊನೆಯ ದಿನಗಳು

ಪತ್ರಗಳು ಲಂಡನ್ನಿನಲ್ಲಿ ಅಚ್ಚಾದ ಅದೇ 1823ರ ಜನವರಿ 15ರಂದು ದ್ಯುಬುವಾ ಸ್ವಾಮಿಗಳು ಭಾರತ ಬಿಟ್ಟರು. ವಯಸ್ಸು ಐವತ್ತೇಳು. ಪ್ರಯಾಣದ ಖರ್ಚು ಕಂಪನಿಯದು, ಸಿಡುಬಿನ ಸೇವೆಗಾಗಿ ಪಿಂಚಣಿಯೂ ಗೊತ್ತಾಯಿತು. ಪ್ಯಾರಿಸ್ಸಿನ ವಿದೇಶಿ ಪ್ರೇಷಿತ ಸಭೆಯ ಗುರುಮಠದಲ್ಲಿ ನಿರ್ದೇಶಕರಾದರು, 1836ರಿಂದ 1839ರ ತನಕ ಅದರ ಮುಖ್ಯಸ್ಥರಾಗಿದ್ದರು. ದೂರದೇಶಗಳಿಗೆ ಹೊರಡುವ ಎಳೆಯ ಗುರುಗಳನ್ನು ತಯಾರು ಮಾಡುವ ಮಠ ಅದು. ಈ ಕೆಲಸ ಮುಂದುವರಿಯದು ಎಂದು ಬರೆದವರೇ, ಅದೇ ಕೆಲಸಕ್ಕೆ ಹೊಸಬರನ್ನು ಕಳಿಸುವ ಮನೆಯನ್ನು ಕಾದರು. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದು ಅಚ್ಚು ಹಾಕಿಸಿದರು. 1848ರ ಫೆಬ್ರವರಿ 17ರಂದು ಅಲ್ಲೇ ತೀರಿಕೊಂಡರು. ಅವರು ಸತ್ತ ವಾರದಲ್ಲೇ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ಎದ್ದಿತು, ಒಂದು ಕ್ರಾಂತಿಯಲ್ಲಿ ಊರು ಬಿಟ್ಟವರು ಇನ್ನೊಂದರ ಬಾಗಿಲಲ್ಲಿ ಕಣ್ಣು ಮುಚ್ಚಿದರು.

ಎರಡೇ ವರ್ಷಕ್ಕೆ, 1850ರಲ್ಲಿ, ಮೈಸೂರು ಸೀಮೆ ಪಾಂಡಿಚೇರಿಯಿಂದ ಬೇರೆಯಾಗಿ ತನ್ನದೇ ಮೇಲ್ವಿಚಾರಕರನ್ನು ಪಡೆಯಿತು. ಬಂದವರು ಅದೇ ಪ್ಯಾರಿಸ್ ಸಭೆಯ ಎತಿಯೆನ್ ಲೂಯಿ ಶರ್ಬೊನೊ ಸ್ವಾಮಿಗಳು. 1886ರಲ್ಲಿ ಮೈಸೂರು ಧರ್ಮಕ್ಷೇತ್ರವಾಯಿತು, 1940ರಲ್ಲಿ ಬೆಂಗಳೂರು ಬೇರೆಯಾಯಿತು, 1953ರಲ್ಲಿ ಮಹಾಧರ್ಮಕ್ಷೇತ್ರವಾಯಿತು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ ಎಲ್ಲವೂ ಈಗ ಅದರ ಮಡಿಲಲ್ಲಿವೆ. ಸಾತಹಳ್ಳಿ 1963ರಿಂದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿದೆ. ಅದೇ ಹಾಸನ ಸೀಮೆಯ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ದೊಡ್ಡ ದೇವಾಲಯ ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಈಗ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೆ ಕಾಣುತ್ತದೆ. ಸಿಡುಬು ಭಾರತ ಬಿಟ್ಟು ಹೋಗಿದೆ ಎಂದು 1977ರಲ್ಲಿ ಘೋಷಣೆಯಾಯಿತು, ಇಡೀ ಲೋಕ ಬಿಟ್ಟು ಹೋಗಿದೆ ಎಂದು 1980ರಲ್ಲಿ.